ಮುದ್ದಣ: ಮರೆಸಿದ ಹೆಸರು, ಮಾತನಾಡುವ ಸಹೃದಯೆ

ನಂದಳಿಕೆ ಲಕ್ಷ್ಮೀನಾರಣಪ್ಪ ತನ್ನ ಮೂರು ಪ್ರಮುಖ ಕೃತಿಗಳಲ್ಲಿ ಒಂದನ್ನೂ ಸಮಕಾಲೀನ ಲೇಖಕನ ರಚನೆಯೆಂದು ಲೋಕದ ಮುಂದಿಡಲಿಲ್ಲ. ಈ ಮರೆವೇಷವನ್ನು ವಿದ್ವಾಂಸರು ಬಹುಮಟ್ಟಿಗೆ ಕವಿಯ ಸಂಕೋಚ ಸ್ವಭಾವದ ಫಲವೆಂದೇ ವಿವರಿಸುತ್ತ ಬಂದಿದ್ದಾರೆ. ಆತನ ಜೀವನ ಮತ್ತು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ವಿವರಣೆ ಸಾಲದೆಂದು ತೋರುತ್ತದೆ.

ಲಕ್ಷ್ಮೀನಾರಣಪ್ಪನು 1870ರ ಜನವರಿ 24ರಂದು ಕಾರ್ಕಳ ಸಮೀಪದ ನಂದಳಿಕೆಯಲ್ಲಿ ಜನಿಸಿದನು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮುದ್ದಣ ಎಂಬುದು ಮನೆಯವರು ಕರೆಯುತ್ತಿದ್ದ ಹೆಸರು. ಬಡತನದಿಂದಾಗಿ ಶಾಲಾ ವಿದ್ಯಾಭ್ಯಾಸ ಮುಂದುವರಿಯಲಿಲ್ಲ. ವ್ಯಾಯಾಮದ ತರಬೇತಿ ಪಡೆದು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಅಧ್ಯಾಪಕನಾಗಿ ದುಡಿದನು. ಹಳಗನ್ನಡವನ್ನು ಆತ ಕಲಿತದ್ದು ಪದವಿಯ ದಾರಿಯಿಂದಲ್ಲ, ಓದಿನ ಹಸಿವಿನಿಂದ. ಉಡುಪಿಯಲ್ಲಿ ಮಳಲಿ ಸುಬ್ಬರಾಯರ ಸಂಪರ್ಕವು ಈ ಓದಿಗೆ ದಿಕ್ಕು ತೋರಿತು. ಬಯಲಾಟದ ಪರಿಸರದಲ್ಲಿ ಬೆಳೆದ ಆತ 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನೂ ರಚಿಸಿದ್ದಾನೆ. ಕಿವಿಯ ನೆನಪಿನಲ್ಲಿ ನೆಲೆಸಿದ ಮಾತಿನ ಲಯ ಹಾಗೂ ಪುಸ್ತಕದಿಂದ ಪಡೆದ ಪ್ರಾಚೀನ ಶಬ್ದಸಂಪತ್ತು ಮುಂದೆ ಆತನ ಗದ್ಯದಲ್ಲಿ ಬೆಸೆದುಕೊಂಡವು.

ಆ ಕಾಲದ ಸಾಹಿತ್ಯ ವಾತಾವರಣವನ್ನೂ ಇಲ್ಲಿ ಗಮನಿಸಬೇಕು. ಕಿಟ್ಟೆಲರ ಸಂಪಾದನೆಯ 'ಶಬ್ದಮಣಿದರ್ಪಣ' 1872ರಲ್ಲಿ, ಅವರ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾದವು. ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ ಮತ್ತು ಎಸ್.ಜಿ. ನರಸಿಂಹಾಚಾರ್ಯರು ಹಳೆಯ ಕಾವ್ಯಗಳನ್ನು 'ಕಾವ್ಯಮಂಜರಿ', 'ಕಾವ್ಯಕಲಾನಿಧಿ'ಗಳ ಮೂಲಕ ಬೆಳಕಿಗೆ ತರುತ್ತಿದ್ದರು. ಅಚ್ಚಿಗೆ ಅರ್ಹತೆಯೆಂದರೆ ಪ್ರಾಚೀನತೆ ಎಂಬಂತಿದ್ದ ಸಂದರ್ಭವದು. ಹೆಸರು, ಪದವಿ, ಆಶ್ರಯ ಯಾವುದೂ ಇಲ್ಲದ ಕರಾವಳಿಯ ವ್ಯಾಯಾಮ ಶಿಕ್ಷಕನೊಬ್ಬನ ಹಳಗನ್ನಡ ಕೃತಿಯನ್ನು ಆ ವಿದ್ವತ್ ವಲಯ ಓದುವ ಸಂಭವ ಕಡಿಮೆಯಿತ್ತು. ಹಳೆಯ ಹಸ್ತಪ್ರತಿಯನ್ನು ಓದದೆ ಬಿಡುವಂತಿರಲಿಲ್ಲ. 'ಅದ್ಭುತ ರಾಮಾಯಣ'ವು 1895ರಲ್ಲಿ ಪ್ರಾಚೀನ ಕೃತಿಯೆಂಬ ಸೋಗಿನಲ್ಲಿ ಬಂದಿತು. ವಾರ್ಧಕ ಷಟ್ಪದಿಯ 'ಶ್ರೀರಾಮ ಪಟ್ಟಾಭಿಷೇಕ'ದ ಕರ್ತೃತ್ವ ಮಹಾಲಕ್ಷ್ಮಿಗೆ ಸಂದಿತು. ಮಗನು ತನ್ನ ಕಾವ್ಯಕ್ಕೆ ತಾಯಿಯ ಹೆಸರನ್ನು ಇಟ್ಟ ಈ ನಿದರ್ಶನವನ್ನು ಕೇವಲ ಕಪಟವೆಂದು ತಳ್ಳಿಹಾಕಲಾಗದು.

'ರಾಮಾಶ್ವಮೇಧ'ದಲ್ಲಿ ಈ ಮರೆವೇಷ ಹೊಸ ಅರ್ಥ ಪಡೆಯುತ್ತದೆ. ಪದ್ಮಪುರಾಣದಲ್ಲಿ ಬರುವ ಕಥೆಯನ್ನು ಆಧರಿಸಿದ ಈ ಗದ್ಯಕೃತಿಯ ಜೀವ ಇರುವುದು ಕುದುರೆಯ ಸಂಚಾರದಲ್ಲಲ್ಲ, ಕಥೆ ಹೇಳುವ ಮುದ್ದಣ ಮತ್ತು ಕೇಳುವ ಮನೋರಮೆಯರ ಸಲ್ಲಾಪದಲ್ಲಿ. ಮಳೆಗಾಲದಲ್ಲಿ ಅರಮನೆಯಿಂದ ಮನೆಗೆ ಬಂದ ಕವಿಯನ್ನು ಉಪಚರಿಸಿ ಆಕೆ ಕಥೆ ಬೇಡುತ್ತಾಳೆ. ಯಾವ ಕಥೆ, ಪದ್ಯವೋ ಗದ್ಯವೋ, ಸಂಸ್ಕೃತ ಎಷ್ಟು ಬೆರೆಯಬೇಕು, ಹೇಳಿದವನಿಗೆ ಸಲ್ಲುವ ಪ್ರತಿಫಲವೇನು ಎಂಬ ಪ್ರಶ್ನೆಗಳೆಲ್ಲ ಕಥೆ ಆರಂಭವಾಗುವ ಮೊದಲೇ ಚರ್ಚೆಗೆ ಬರುತ್ತವೆ. ತನಗೆ ಅರ್ಥವಾಗದ ಬಿಗುವಿನ ಭಾಷೆಯನ್ನು ಮನೋರಮೆ ಒಪ್ಪುವುದಿಲ್ಲ. ಗದ್ಯವೇ ಹೃದಯಕ್ಕೆ ಹತ್ತಿರವೆಂಬ ನಿಲುವಿಗೆ ಕವಿಯನ್ನು ಎಳೆದು ತರುವವಳು ಆಕೆಯೇ. ಕನ್ನಡ ಮೀಮಾಂಸೆಯಲ್ಲಿ ಸಹೃದಯನು ಬಹುಕಾಲ ಮೌನವಾಗಿ ಆಸ್ವಾದಿಸುವ ಪರಿಕಲ್ಪನೆಯಾಗಿಯೇ ಉಳಿದಿದ್ದನು. ಇಲ್ಲಿ ಆ ಸಹೃದಯ ಹೆಣ್ಣಾಗಿ, ಮಡದಿಯಾಗಿ, ಕವಿಯ ಮಾತನ್ನು ತಡೆಯುವ ಹಕ್ಕುಳ್ಳವಳಾಗಿ ಎದುರಿಗೆ ಕುಳಿತಿದ್ದಾಳೆ.

1893ರಲ್ಲಿ ಲಕ್ಷ್ಮೀನಾರಣಪ್ಪನ ಕೈಹಿಡಿದ ಕಮಲಾಬಾಯಿಯೇ ಮನೋರಮೆಗೆ ಮಾದರಿಯೆಂಬ ನಂಬಿಕೆ ಪ್ರಚಲಿತವಾಗಿದೆ. ದಾಂಪತ್ಯದ ಸವಿ ಸಲ್ಲಾಪದಲ್ಲಿ ಇಲ್ಲದಿಲ್ಲ. ಆದರೆ ಆಕೆಯನ್ನು ಅಷ್ಟಕ್ಕೇ ಸೀಮಿತಗೊಳಿಸಿದರೆ ವಿಮರ್ಶಕಿ ಮರೆಯಾಗುತ್ತಾಳೆ. ಹಳಗನ್ನಡವನ್ನು ಪ್ರೀತಿಸಿಯೂ ಅದು ತನ್ನ ಕಾಲದ ಓದುಗರನ್ನು ತಲುಪದೆಂಬ ಅಳುಕು ಲೇಖಕನಲ್ಲಿದ್ದಿರಬೇಕು. ಆ ಅಳುಕಿಗೆ ಆತ ಮನೋರಮೆಯ ಬಾಯಿಂದ ಮಾತು ಕೊಟ್ಟಿದ್ದಾನೆ. ಸ್ವಂತ ಹೆಸರಿನಲ್ಲಿ ಮುನ್ನುಡಿ ಬರೆದಿದ್ದರೆ ಪ್ರಾಚೀನ ಶೈಲಿಯ ಬಗ್ಗೆ ಅಷ್ಟು ಸಲಿಗೆಯಿಂದ ನಗೆಯಾಡುವ ಧೈರ್ಯ ಆತನಿಗೆ ಬರುತ್ತಿತ್ತೆ ಎಂಬುದು ಸಂದೇಹ. ಪ್ರಾಚೀನ ಕವಿಯ ವೇಷ ತೊಟ್ಟುದರಿಂದಲೇ ಆಧುನಿಕ ಪ್ರಶ್ನೆಯನ್ನು ಎತ್ತುವ ಸ್ವಾತಂತ್ರ್ಯ ದೊರೆಯಿತು. ಹಳೆಯ ಪ್ರತಿಯೆಂದು ನಂಬಿ ಅಚ್ಚು ಹಾಕಿದ ಕೃತಿಯ ಒಡಲಿನಲ್ಲೇ ಅದರ ಹೊಸತನದ ಸಾಕ್ಷ್ಯವಿದ್ದುದು ಸಾಹಿತ್ಯ ಚರಿತ್ರೆಯ ಸ್ವಾರಸ್ಯಗಳಲ್ಲೊಂದು.

ಈ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಬೆನಗಲ್ ರಾಮರಾಯರ 'ಸುವಾಸಿನಿ' ಪತ್ರಿಕೆಯಲ್ಲಿ ಪ್ರಕಟವಾದ ಜೋಗುಳವೊಂದಕ್ಕೂ ಆತ ಚಕ್ರಧಾರಿ ಎಂಬ ಹೆಸರನ್ನೇ ಬಳಸಿದನು. ಬಡತನ ಮತ್ತು ಕ್ಷಯರೋಗ ಆತನನ್ನು ಕುಗ್ಗಿಸಿದ್ದವು. 1901ರ ಫೆಬ್ರವರಿಯಲ್ಲಿ, 31ನೆಯ ವಯಸ್ಸಿನಲ್ಲಿ, ತೀರಿಕೊಂಡಾಗ 'ರಾಮಾಶ್ವಮೇಧ'ದ ಕರ್ತೃವಾಗಿ ಕನ್ನಡ ನಾಡು ಆತನನ್ನು ಅರಿತಿರಲಿಲ್ಲ. ಕರ್ತೃತ್ವ ಖಚಿತವಾದ ಬಳಿಕ ಹೊಸಗನ್ನಡದ ಮುಂಗೋಳಿಯೆಂಬ ಬಿರುದು ಸಂದಿತು, ಸಲ್ಲಾಪದ ಭಾಗ ಪಠ್ಯಪುಸ್ತಕಗಳನ್ನು ಸೇರಿತು. ತರಗತಿಗಳಲ್ಲಿ ಅದನ್ನು ಸರಸ ಸಂಭಾಷಣೆಯ ಮಾದರಿಯಾಗಿ ಬೋಧಿಸುವುದೇ ಹೆಚ್ಚು. ಮನೋರಮೆಯ ಆಕ್ಷೇಪಗಳನ್ನು ಗದ್ಯ ಮೀಮಾಂಸೆಯಾಗಿ ಕ್ರಮಬದ್ಧವಾಗಿ ಪರಿಶೀಲಿಸುವ ಕೆಲಸಕ್ಕೆ ಇನ್ನೂ ಸಾಕಷ್ಟು ಅವಕಾಶವಿದೆ.