ಡಾಕ್ಟರ್ ಪಾಪನಿಕೊಲಾವ್

ಪ್ಯಾಪ್ ಪರೀಕ್ಷೆಯ ಹೆಸರನ್ನು ಕೇಳಿದವರು ಬಹಳ ಮಂದಿ. ಅದು ಒಬ್ಬ ಮನುಷ್ಯನ ಹೆಸರಿನ ತುಣುಕೆಂದು ಬಲ್ಲವರು ವಿರಳ. ಜಾರ್ಜ್ ಪಾಪನಿಕೊಲಾವ್ 1883ರಲ್ಲಿ ಗ್ರೀಸಿನ ಕೀಮಿ ಎಂಬ ಊರಿನಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಅಥೆನ್ಸಿನಲ್ಲಿ ವೈದ್ಯ ಪದವಿಯನ್ನೇನೋ ಪಡೆದರು. ಆದರೆ ಅವರ ಮನಸ್ಸು ಒಲಿದದ್ದು ಜೀವಶಾಸ್ತ್ರಕ್ಕೆ. ಮ್ಯೂನಿಕ್ಕಿನಲ್ಲಿ ಡಾಕ್ಟರೇಟ್ ಗಳಿಸಿ, 1913ರಲ್ಲಿ ಪತ್ನಿ ಆಂಡ್ರೊಮಾಕಿಯೊಡನೆ ನ್ಯೂಯಾರ್ಕಿನಲ್ಲಿ ಬಂದಿಳಿದಾಗ ಇಬ್ಬರಿಗೂ ಇಂಗ್ಲಿಷ್ ಬಾರದು. ಅಂಗಡಿಯೊಂದರಲ್ಲಿ ಆಕೆ ಗುಂಡಿ ಹೊಲಿದರು. ಇವರು ಜಮಖಾನೆ ಮಾರಿದರು, ಹೋಟೆಲುಗಳಲ್ಲಿ ಪಿಟೀಲು ನುಡಿಸಿದರು.

ಮರುವರ್ಷ ಕಾರ್ನೆಲ್ ವೈದ್ಯ ಕಾಲೇಜಿನಲ್ಲಿ ಕೆಲಸ ದೊರೆಯಿತು. ಗಿನಿ ಇಲಿಯ ಅಂಡ ಯಾವಾಗ ಪಕ್ವವಾಗುವುದೆಂಬುದನ್ನು ಅದನ್ನು ಕೊಲ್ಲುವ ಮುನ್ನವೇ ಅರಿಯಬೇಕಾಗಿತ್ತು. ಯೋನಿಸ್ರಾವದ ಹನಿಯೊಂದನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಉದುರಿದ ಜೀವಕೋಶಗಳ ರೂಪವೇ ಉತ್ತರ ಹೇಳುತ್ತಿತ್ತು. ಇಲಿಯಲ್ಲಿ ಕಂಡದ್ದು ಸ್ತ್ರೀಯರಲ್ಲಿಯೂ ಕಾಣುವುದೇ? ಅದನ್ನರಿಯಲು ಆಂಡ್ರೊಮಾಕಿ ವರ್ಷಾನುಗಟ್ಟಲೆ ತಮ್ಮ ದೇಹವನ್ನೇ ಪರೀಕ್ಷೆಗೆ ಒಪ್ಪಿಸಿದರು. ಪರೀಕ್ಷೆಗೆ ಆಕೆಯ ಹೆಸರೂ ಸೇರಬೇಕಾಗಿತ್ತೆಂದು ನನಗೆ ಅನಿಸುವುದುಂಟು.

ಮುಂದೆ ಇತರ ಸ್ತ್ರೀಯರ ಮಾದರಿಗಳನ್ನು ನೋಡುತ್ತಿದ್ದಾಗ, ಗರ್ಭಕಂಠದ ಕ್ಯಾನ್ಸರಿನಿಂದ ವಿಕಾರಗೊಂಡ ಕೋಶಗಳು ಕಣ್ಣಿಗೆ ಬಿದ್ದವು. 1928ರಲ್ಲಿ ಇದನ್ನು ವಿದ್ವಾಂಸರ ಮುಂದಿಟ್ಟರು, ಮನ್ನಣೆ ಸಿಗಲಿಲ್ಲ. ಅಂಗಾಂಶದ ತುಣುಕನ್ನೇ ಕತ್ತರಿಸಿ ನೋಡಬಹುದಾಗಿರುವಾಗ ಉದುರಿದ ಕೋಶಗಳ ಗೊಡವೆ ಏಕೆಂಬುದು ಆಕ್ಷೇಪ. ಆದರೆ ಹಾಗೆ ಕತ್ತರಿಸುತ್ತಿದ್ದುದು ಹುಣ್ಣು ಕಂಡ ಬಳಿಕ. ಅಷ್ಟರಲ್ಲಿ ಅನೇಕರಿಗೆ ಕಾಲ ಮಿಂಚಿರುತ್ತಿತ್ತು. ಸುಮಾರು ಹತ್ತು ವರ್ಷ ಆ ವಿಷಯವನ್ನು ಬದಿಗಿರಿಸಿ, ಸ್ತ್ರೀರೋಗತಜ್ಞ ಹರ್ಬರ್ಟ್ ಟ್ರಾಟ್ ಅವರೊಡನೆ ಮತ್ತೆ ಕೈಹಚ್ಚಿದರು. 1941ರ ಲೇಖನವೂ 1943ರ ಗ್ರಂಥವೂ ವೈದ್ಯಲೋಕದ ಮನವೊಲಿಸಿದವು. ಪರೀಕ್ಷೆ ಕ್ರಮವಾಗಿ ನಡೆದ ದೇಶಗಳಲ್ಲಿ ಈ ರೋಗದ ಮರಣಗಳು ಬಹುವಾಗಿ ಇಳಿದವು.

ಕೋಶಗಳು ಏಕೆ ಕೆಡುತ್ತವೆಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. 1962ರ ಫೆಬ್ರವರಿಯಲ್ಲಿ ಮಯಾಮಿಯಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. ಕಾರಣ ಹೊರಬಿದ್ದದ್ದು ಜರ್ಮನಿಯಲ್ಲಿ. ಹಾರಾಲ್ಡ್ ತ್ಸುರ್ ಹೌಸೆನ್ ಅವರ ತಂಡ 1983ರಲ್ಲಿ ಗರ್ಭಕಂಠದ ಗಡ್ಡೆಗಳೊಳಗೆ ಮಾನವ ಪ್ಯಾಪಿಲೋಮ ವೈರಸ್ಸಿನ 16ನೆಯ ಬಗೆಯನ್ನೂ ಮರುವರ್ಷ 18ನೆಯದನ್ನೂ ಗುರುತಿಸಿತು. ಈ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಪಾಲು ಈ ಎರಡರಿಂದಲೇ ಬರುವಂಥದು. ಸೋಂಕು ಬಹುಮಂದಿಗೆ ತಗಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ನೆಲೆಯೂರಿ, ಕೋಶದ ಬೆಳವಣಿಗೆಗಿರುವ ಕಡಿವಾಣಗಳನ್ನು ಕಳಚಿ, ಸಾಮಾನ್ಯವಾಗಿ 15–20 ವರ್ಷಗಳಲ್ಲಿ ಕ್ಯಾನ್ಸರಾಗುತ್ತದೆ. ಆ ದೀರ್ಘ ಅವಧಿಯೇ ಪಾಪನಿಕೊಲಾವ್ ಅವರ ಪರೀಕ್ಷೆಗೆ ದೊರೆತ ಅವಕಾಶ.

ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪಾಪನಿಕೊಲಾವ್ ಅವರಿಗೆ ಅದು ಬರಲೇ ಇಲ್ಲ. ಆಂಡ್ರೊಮಾಕಿ 1982ರವರೆಗೆ ಬದುಕಿದ್ದರು. ವೈರಸ್ಸಿನ ಸುದ್ದಿ ಬಂದದ್ದು ಅದರ ಮರುವರ್ಷ.