ನಾಟಕರತ್ನ ಗುಬ್ಬಿ ವೀರಣ್ಣ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಂಡೆಬೆಟ್ಟಗಳ ಬೀಡು. ಮಳೆಯನ್ನೇ ನೆಚ್ಚಿದ ನಾಡು. ಈ ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಮೂಡಲಪಾಯದ ಬಯಲಾಟ ಆಡುವುದು ಹಿಂದಿನಿಂದ ನಡೆದುಬಂದ ರೂಢಿ. ಹಗಲೆಲ್ಲ ನೇಗಿಲು ಹಿಡಿದವನು ಇರುಳು ಕಿರೀಟ ತೊಟ್ಟು ಅರ್ಜುನನಾಗುತ್ತಿದ್ದನು. ಅಕ್ಷರವರಿಯದ ಹುಡುಗನು ಭಾಗವತರ ಬಾಯಿಂದ ಕೇಳಿ ಕೇಳಿಯೇ ಭಾರತ ರಾಮಾಯಣಗಳನ್ನು ಕಲಿಯುತ್ತಿದ್ದನು. ಶಾಲೆಗಳು ವಿರಳವಾಗಿದ್ದ ಆ ಕಾಲದಲ್ಲಿ ಆಟದ ಬಯಲೇ ಜನರ ಪಾಠಶಾಲೆಯಾಗಿತ್ತು. ಇದೇ ಜಿಲ್ಲೆಯ ಗುಬ್ಬಿಯ ಬಾಲಕನೊಬ್ಬನು ರಂಗದ ಮೇಲೆಯೇ ಬೆಳೆದು, ಮುಂದೆ ಆ ರಂಗವನ್ನು ನಾಡಿನ ಅನೇಕ ಮಕ್ಕಳಿಗೆ ಪಾಠಶಾಲೆಯನ್ನಾಗಿ ಮಾಡಿದನು. ಆತನೇ ನಾಟಕರತ್ನ ಗುಬ್ಬಿ ವೀರಣ್ಣ.

ವೀರಣ್ಣನವರು ಜನಿಸಿದ್ದು 1891ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, ಎಂದರೆ 1884ರಲ್ಲಿ, ಊರಿನ ಕಲಾಭಿಮಾನಿಗಳು ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ನಾಟಕ ಸಂಘವೊಂದನ್ನು ಕಟ್ಟಿದ್ದರು. ಸುಮಾರು ಆರು ವರ್ಷದ ವಯಸ್ಸಿನಲ್ಲಿಯೇ ವೀರಣ್ಣನು ಆ ಸಂಘವನ್ನು ಸೇರಿದನು. ಹಲಗೆ ಬಳಪ ಹಿಡಿಯಬೇಕಾದ ಕೈಗೆ ಬಣ್ಣ ಬಂದಿತು. ಶಾಲೆಯ ಓದು ಹೆಚ್ಚು ದೂರ ಸಾಗಲಿಲ್ಲ. ಆದರೆ ನಾಟಕದ ಮಾತುಗಳನ್ನು ಬಾಯಿಪಾಠ ಮಾಡುತ್ತ ನುಡಿಯ ಸೊಗಸನ್ನೂ, ಹಾರ್ಮೋನಿಯಂ ಶ್ರುತಿಗೆ ದನಿಗೂಡಿಸುತ್ತ ಸಂಗೀತವನ್ನೂ, ನಾನಾ ಊರುಗಳನ್ನು ಸುತ್ತುತ್ತ ಜನರ ಸುಖದುಃಖಗಳನ್ನೂ ಅವರು ಅರಿತರು. ಬಾಲನಟರಾಗಿ ಬಂದವರು ಕ್ರಮೇಣ ಹಾಸ್ಯನಟರೆಂದು ಹೆಸರಾದರು. 1917ರಲ್ಲಿ ಸಂಸ್ಥೆಯ ಒಡೆತನವೇ ಅವರ ಪಾಲಿಗೆ ಬಂದಿತು.

ಅಲ್ಲಿಂದ ಮುಂದೆ ಗುಬ್ಬಿ ಕಂಪನಿಯ ಕೀರ್ತಿ ಕನ್ನಡ ನಾಡಿನ ಗಡಿಯನ್ನು ದಾಟಿತು. ಕನ್ನಡದಲ್ಲಿ ಮಾತ್ರವಲ್ಲದೆ ತೆಲುಗಿನಲ್ಲಿಯೂ ಅವರ ನಾಟಕಗಳು ನಡೆದವು. ತುಮಕೂರು ಸಮೀಪದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಕಂಪನಿಗೆ ನಾಟಕಗಳನ್ನು ರಚಿಸಿಕೊಟ್ಟರು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ಬಂದಾಗ ಜನರು ಬೆರಗಾದರು. ಸದಾರಮೆ ನಾಟಕದಲ್ಲಿ ವೀರಣ್ಣನವರು ವಹಿಸುತ್ತಿದ್ದ ಕಳ್ಳನ ಪಾತ್ರವನ್ನು ನೋಡಲು ಜನರು ದೂರದ ಊರುಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಗುವಿನ ಮರೆಯಲ್ಲಿ ಅವರು ಮನುಷ್ಯನ ದುರಾಸೆಯನ್ನೂ ಡಂಭವನ್ನೂ ಎತ್ತಿ ತೋರಿಸುತ್ತಿದ್ದರು. ಬುದ್ಧಿವಾದ ಹೇಳಿದರೆ ಮುಖ ತಿರುಗಿಸುವವರೂ ನಗಿಸಿದರೆ ಕಿವಿಗೊಡುತ್ತಾರೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಆ ದಿನಗಳಲ್ಲಿ ರಂಗದ ಮೇಲೆ ಸೀತೆ, ದ್ರೌಪದಿಯರ ಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ಮರ್ಯಾದೆಗೆ ಕುಂದೆಂದು ಸಮಾಜವು ಭಾವಿಸಿತ್ತು. ನಟಿಯರನ್ನು ಕೀಳಾಗಿ ಕಾಣುವವರಿಗೆ ಕೊರತೆಯಿರಲಿಲ್ಲ. ಇಂಥ ಕಾಲದಲ್ಲಿ ವೀರಣ್ಣನವರು ಜನಾಪವಾದಕ್ಕೆ ಅಂಜದೆ ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ಒಪ್ಪಿಸಿದರು. ಅವರ ಪತ್ನಿ ಬಿ. ಜಯಮ್ಮನವರು ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ಮನ್ನಣೆ ಪಡೆದ ಶ್ರೇಷ್ಠ ಕಲಾವಿದೆಯಾದರು. ಹೆಣ್ಣಿನ ದುಃಖವನ್ನು ಹೆಣ್ಣಿನ ದನಿಯಲ್ಲಿಯೇ ಕೇಳಿದ ಜನರ ಮನಸ್ಸು ಮೆಲ್ಲಮೆಲ್ಲನೆ ಮಾರ್ಪಟ್ಟಿತು. ಭಾಷಣಗಳಿಂದ ಆಗದ ಕಾರ್ಯವನ್ನು ನಾಟಕವು ಸಾಧಿಸಿತು.

ಕಲೆಯ ಹಂಬಲದಿಂದ ಬಂದ ಬಾಲಕರಿಗೆ ಗುಬ್ಬಿ ಕಂಪನಿಯು ಅನ್ನವನ್ನೂ ವಿದ್ಯೆಯನ್ನೂ ನೀಡಿದ ಗುರುಕುಲವಾಗಿತ್ತು. ಅಲ್ಲಿ ಬೇರೆ ಬೇರೆ ಜಾತಿಮತಗಳ ಕಲಾವಿದರು ಒಂದೇ ಸಂಸಾರದವರಂತೆ ಬಾಳುತ್ತಿದ್ದರು. ಚಿಕ್ಕಂದಿನಲ್ಲಿಯೇ ಕಂಪನಿ ಸೇರಿದ ಜಿ.ವಿ. ಅಯ್ಯರ್ ಅವರು ಮುಂದೆ ಪ್ರಸಿದ್ಧ ಚಲನಚಿತ್ರ ನಿರ್ದೇಶಕರಾದರು. ತಂದೆಯೊಡನೆ ಕಂಪನಿಗೆ ಬಂದ ಮುತ್ತುರಾಜನೆಂಬ ಹುಡುಗನೇ 1954ರಲ್ಲಿ ಬೇಡರ ಕಣ್ಣಪ್ಪ ಚಿತ್ರದ ಮೂಲಕ ರಾಜಕುಮಾರ್ ಎಂದು ನಾಡಿಗೆ ಪರಿಚಿತನಾದನು.

ದಕ್ಷಿಣ ಕನ್ನಡದ ಹಳ್ಳಿಯೊಂದರಿಂದ ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರ ಕಥೆ ಇನ್ನೂ ಮನಮುಟ್ಟುವಂಥದು. ನಾಟಕದ ಹುಚ್ಚಿನಿಂದ ಬಂದ ಆ ಬಾಲಕನಿಗೆ ಕಂಪನಿಯಲ್ಲಿ ಆಶ್ರಯ ದೊರೆಯಿತು. ಆತನಲ್ಲಿದ್ದ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರು, ಉಪಯುಕ್ತನಾದ ನಟನನ್ನು ಕಳೆದುಕೊಳ್ಳುವ ನಷ್ಟವನ್ನೆಣಿಸದೆ, ಆತನನ್ನು ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ತಮಗೆ ದಕ್ಕದ ಓದು ತಮ್ಮ ಆಶ್ರಯದಲ್ಲಿ ಬೆಳೆದ ಹುಡುಗನಿಗೆ ದಕ್ಕಲೆಂದು ಆಶಿಸಿದ ಈ ಔದಾರ್ಯ ಅಪರೂಪವಾದುದು.

ಆ ಋಣವನ್ನು ಕಾರಂತರು ಮರೆಯಲಿಲ್ಲ. 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಅವರು, ಮಕ್ಕಳ ರಂಗಭೂಮಿಗಾಗಿಯೂ ದುಡಿದರು. ಅವರು ಮಕ್ಕಳಿಗಾಗಿ ರೂಪಿಸಿದ ಪಂಜರ ಶಾಲೆ ಎಂಬ ನಾಟಕಕ್ಕೆ ರವೀಂದ್ರನಾಥ ಠಾಕೂರರ ಕಥೆಯೇ ಮೂಲ. ಗಿಳಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ಅರಸನು ಆಜ್ಞಾಪಿಸುತ್ತಾನೆ. ಚಿನ್ನದ ಪಂಜರ ಸಿದ್ಧವಾಗುತ್ತದೆ. ಪಂಡಿತರು ಪುಸ್ತಕದ ಹಾಳೆಗಳನ್ನು ಗಿಳಿಯ ಬಾಯಿಗೆ ತುರುಕುತ್ತಾರೆ. ಎಲ್ಲರೂ ಸಂಭಾವನೆ ಪಡೆದು ಸುಖವಾಗಿರುತ್ತಾರೆ. ಗಿಳಿಯೊಂದು ಮಾತ್ರ ಸಾಯುತ್ತದೆ. ಅರ್ಥವರಿಯದ ಬಾಯಿಪಾಠದ ಕೇಡನ್ನು ಮಕ್ಕಳೇ ರಂಗದ ಮೇಲೆ ಆಡಿ ತೋರಿಸಿದಾಗ, ಹಿರಿಯರು ನಕ್ಕರೂ ಆ ನಗುವಿನ ಹಿಂದೆ ನಾಚಿಕೆಯೂ ಮೂಡದಿರದು. ಓದು ಮುಂದುವರಿಯದ ನಟನೊಬ್ಬನು ಓದಿಸಿದ ಬಾಲಕನು, ಶಾಲೆಗೇ ಪಾಠ ಹೇಳುವ ನಾಟಕವನ್ನು ಶಾಲೆಯ ಮಕ್ಕಳ ಕೈಗಿತ್ತನು!

ವೀರಣ್ಣನವರು ಚಿತ್ರ ನಿರ್ಮಾಣದಲ್ಲಿಯೂ ತೊಡಗಿದರು. ಕಲೆಯೇ ಕಾಯಕ ಎಂಬ ಹೆಸರಿನಲ್ಲಿ ಆತ್ಮಕಥೆಯನ್ನು ಹೇಳಿದರು. 1972ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ನಿಧನರಾದರು. ಕರ್ನಾಟಕ ಸರ್ಕಾರವು ಶ್ರೇಷ್ಠ ರಂಗಕರ್ಮಿಗಳಿಗೆ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ. ತುಮಕೂರಿನ ಕಲಾಕ್ಷೇತ್ರವೂ ಅವರ ಹೆಸರನ್ನು ಹೊತ್ತು ನಿಂತಿದೆ.

ಆದರೆ ಕಲಾವಿದನ ನಿಜವಾದ ಸ್ಮಾರಕ ಕಲ್ಲಿನ ಕಟ್ಟಡವಲ್ಲ. ಮಧುಗಿರಿಯ ಬೆಟ್ಟದ ತಪ್ಪಲಿನಲ್ಲಾಗಲಿ, ಪಾವಗಡದ ಬಯಲಿನಲ್ಲಾಗಲಿ, ಎಳೆಯ ವಯಸ್ಸಿಗೇ ಮದುವೆಯಾಗುವ ಗೆಳತಿಯ ಸಂಕಟವನ್ನೋ, ಶಾಲೆ ಬಿಟ್ಟು ಕೂಲಿಗೆ ಹೋದ ಗೆಳೆಯನ ಬವಣೆಯನ್ನೋ ವಿದ್ಯಾರ್ಥಿಗಳು ಊರ ಕಟ್ಟೆಯ ಮುಂದೆ ನಾಟಕವಾಗಿ ಆಡಿದರೆ, ನೋಡುವವರ ಸಾಲಿನಲ್ಲಿ ಆ ಗೆಳತಿಯ ತಂದೆಯೂ ಆ ಗೆಳೆಯನ ತಾಯಿಯೂ ಕುಳಿತಿರುತ್ತಾರೆ. ಅವರಲ್ಲಿ ಒಬ್ಬರ ಮನಸ್ಸು ಕರಗಿದರೂ ಒಂದು ಬಾಳು ಉಳಿಯುತ್ತದೆ. ಅಂಥ ದಿನ ಆ ಮಕ್ಕಳ ನಡುವೆ ವೀರಣ್ಣನವರು ಇದ್ದೇ ಇರುತ್ತಾರೆ.