ಮನೀ ಮಾತಿನಾಗ ಓದು ಕಲಿಸಿದ ಡೆಪ್ಯುಟಿ ಚನ್ನಬಸಪ್ಪ

ಧಾರವಾಡ: ಸಣ್ಣ ಮಕ್ಕಳು ಪಾಠಾ ಗಟ್ಟಿಯಾಗಿ ಓದೂದನ್ನ ಕಿವಿಗೊಟ್ಟು ಕೇಳಿದರ, ಅರ್ಥ ತಿಳಿದು ಓದ್ತಾರೋ ಇಲ್ಲೋ ಲಗೂನ ಗೊತ್ತಾಗ್ತದ. ಅರ್ಥ ತಿಳಿದ ಕೂಸಿನ ದನಿ ಪ್ರಶ್ನೆ ಬಂದಲ್ಲಿ ಏರ್ತದ, ದುಃಖ ಬಂದಲ್ಲಿ ಇಳೀತದ. ತಿಳಿಯದ ಕೂಸು ಎಲ್ಲಾನೂ ಒಂದೇ ರಾಗದಾಗ ಓದಿ ಮುಗಿಸ್ತದ. ಈ ಭಾಗದ ಮಕ್ಕಳು ಸಾಲಿಯೊಳಗ ತಮ್ಮ ಮಾತಿನಲ್ಲೇ ಓದುವಂತಾಗಲಿ ಎಂದು ದುಡಿದವರಲ್ಲಿ ದೊಡ್ಡ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು.

ಅವರು ಹುಟ್ಟಿದ್ದು 1834ರ ಸುಮಾರಿಗೆ, ಧಾರವಾಡದಲ್ಲಿ. 1818ರಲ್ಲಿ ಪೇಶ್ವೆಯರ ಆಡಳಿತ ಮುಗಿದ ಮ್ಯಾಲೆ ಈ ಸೀಮೆ ಬ್ರಿಟಿಷರ ಮುಂಬೈ ಪ್ರಾಂತಕ್ಕೆ ಸೇರಿತ್ತು. ಕಚೇರಿಯಲ್ಲಿ ಮರಾಠಿ ನಡೀತಿತ್ತು, ಬಹಳಷ್ಟು ಸಾಲಿಗಳಲ್ಲೂ ಅದೇ. ಮನಿಯೊಳಗ ಅವ್ವನ ಜೋಡಿ ಕನ್ನಡ ಮಾತಾಡುವ ಹುಡುಗ ಸಾಲಿಗೆ ಬಂದರೆ ಬೇರೆ ಭಾಷೆಯ ಅಕ್ಷರ ತಿದ್ದಬೇಕಿತ್ತು. ತಪ್ಪು ಮರಾಠಿಯದಲ್ಲ. ಅರ್ಥ ಆಗದ ಮಾತನ್ನು ಕೂಸು ಬಾಯಿಪಾಠ ಮಾಡಬಹುದು, ಅದಕ್ಕ ಭಾವ ತುಂಬೂದು ಹ್ಯಾಂಗ?

ಚನ್ನಬಸಪ್ಪನವರಿಗೆ ಇಂಗ್ಲಿಷ್ ಕಲಿಯುವ ಹಂಬಲ. ಅದಕ್ಕಾಗಿ ಸುಮಾರು 400 ಕಿ.ಮೀ. ದೂರದ ಪುಣೆಗೆ ನಡಕೊಂಡೇ ಹೋದರು ಅನ್ನುವ ಮಾತು ಇಂದಿಗೂ ಉಳಿದದ. ಅಷ್ಟು ಕಲಿತ ಮನುಷ್ಯ ದೊಡ್ಡ ಪಗಾರದ ಬೇರೆ ದಾರಿ ಹಿಡೀಬಹುದಿತ್ತು. ಅವರು ಹಿಡಿದದ್ದು ಕನ್ನಡ ಸಾಲಿಯ ದಾರಿ.

ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಅವರು ಮುಖ್ಯೋಪಾಧ್ಯಾಯರಾದರು. ಅದು ಮಕ್ಕಳ ಸಾಲಿಯಲ್ಲ, ಮಾಸ್ತರರನ್ನು ತಯಾರು ಮಾಡುವ ಸಾಲಿ. ಊರೂರಿಗೆ ಕನ್ನಡ ಸಾಲಿ ಬೇಕೆಂದರೆ ಮೊದಲು ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರ ಬೇಕಲ್ಲ? ಮುಂದೆ ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್ ಆದರು. ಆ ಹುದ್ದೆಯ ಹೆಸರೇ ಅವರಿಗೆ ಅಂಟಿಕೊಂಡಿತು. ಇಲಾಖೆಯ ಮೇಲಧಿಕಾರಿ, ಕನ್ನಡ ಬಲ್ಲ ಇಂಗ್ಲಿಷರಾದ ರಸೆಲ್ ಸಾಹೇಬರ ಬೆಂಬಲವೂ ಸಿಕ್ಕಿತು. ಹಳ್ಳಿ ಹಳ್ಳಿಗಳಲ್ಲಿ ಕನ್ನಡ ಸಾಲಿಗಳು ಬೆಳೆದವು.

ಓದಲಿಕ್ಕೆ ಪುಸ್ತಕವೂ ಬೇಕು. ಷೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು ಅವರು 1871ರಲ್ಲಿ ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು. ಒಂದೇ ರೂಪದ ಎರಡು ಜೋಡಿ ಅವಳಿಗಳು ಮಾಡುವ ಗೊಂದಲ ಅದು. ಒಂದೇ ದನಿಯಲ್ಲಿ ಓದಿದರೆ ಅದರೊಳಗಿನ ನಗಿ ಹೊರಗ ಬರೂದಿಲ್ಲ.

1881ರಲ್ಲಿ, ಐವತ್ತು ತುಂಬುವ ಮೊದಲೇ, ಚನ್ನಬಸಪ್ಪನವರು ತೀರಿಕೊಂಡರು. ಒಂಬತ್ತು ವರ್ಷಗಳ ನಂತರ, 1890ರಲ್ಲಿ, ಇದೇ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಅದಕ್ಕ ಬೇಕಾದ ಕನ್ನಡ ಓದುಗರನ್ನು ಅವರ ಕಾಲದ ಸಾಲಿಗಳೇ ಬೆಳೆಸತೊಡಗಿದ್ದವು.

ಇವತ್ತು ಮನೀ ಮಾತು ಒಂದು, ಸಾಲಿ ಮಾತು ಇನ್ನೊಂದು ಆದ ಮಕ್ಕಳು ಹುಬ್ಬಳ್ಳಿ-ಧಾರವಾಡದ ಓಣಿ ಓಣಿಯಲ್ಲೂ ಇದ್ದಾರೆ. ಅವರ ಓದು ಮತ್ತ ಅದೇ ಒಂದೇ ರಾಗದ್ದು. ಅದಕ್ಕ ಖರ್ಚಿಲ್ಲದ ಉಪಾಯ ಅದ. ಕಥಿ ಮೊದಲು ಮನೀ ಮಾತಿನಾಗ ಹೇಳಬೇಕು. ಆಮ್ಯಾಲೆ ದೊಡ್ಡವರು ಒಮ್ಮೆ ದನಿ ಏರಿಸಿ ಇಳಿಸಿ ಓದಿ ತೋರಿಸಬೇಕು, ಹುಲಿಗೆ ಒಂದು ದನಿ, ಆಕಳಿಗೆ ಒಂದು ದನಿ ಇರಲಿ. ನಂತರ ಪುಸ್ತಕ ಕೂಸಿನ ಕೈಗೆ. ರಾತ್ರಿ ಅಂಗಡಿ ಬಾಗಲಾ ಹಾಕಿ ಮನೀಗೆ ಬಂದ ಮ್ಯಾಲೆ ಹತ್ತು ನಿಮಿಷ ಕೊಟ್ಟರೆ ಸಾಕು.